ಎಂಟನೆಯ ದಿನ

ಕಿಂಗ್ಸ್‌ಬರಿ, ಲಂಡನ್
6 ಸೆಪ್ಟೆಂಬರ್ 2025

ಅಕ್ಕಾ,

ಕಾಗದ ನೋಡಿ ಗಾಬರಿಯಾಗಬೇಡ. ಎಲ್ಲರೂ ಆರಾಮ ಇದ್ದೇವೆ. ಭಾನುವಾರದ ವೀಡಿಯೋ ಕಾಲಿನಲ್ಲಿ ಆ ಕಡೆ ನಿನ್ನ ಸೊಸೆ, ಮೊಮ್ಮಕ್ಕಳು, ಈ ಕಡೆ ನನ್ನ ಹೆಂಡತಿ ವೈದೇಹಿ, ಎಲ್ಲರ ಮುಖಗಳೂ ಒಂದೇ ಚೌಕಟ್ಟಿಗೆ ನುಗ್ಗಿದಾಗ ಹೇಳಲಾಗದ ಒಂದು ಸಂಗತಿಯಿದೆ. ನಿನ್ನ ಕಸುಬಿಗೆ ಸೇರಿದ್ದು. ಮೂವತ್ತೆಂಟು ವರ್ಷ ಹಳ್ಳಿಹಳ್ಳಿಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕಿದವಳಿಗಲ್ಲದೆ ಇನ್ನಾರಿಗೆ ಬರೆಯಲಿ?

ಏಪ್ರಿಲಿನಿಂದ ನಾನು ಇಲ್ಲಿಯ ಒಂದು ಇತಿಹಾಸ ಗುಂಪಿಗೆ ಸೇರಿದ್ದೇನೆ. ಹಳೆಯ ದಾಖಲೆಗಳ ಫೋಟೋ ಕೊಡುತ್ತಾರೆ. ಅದರಲ್ಲಿ ಇರುವುದನ್ನು ಓದಿ ಟೈಪ್ ಮಾಡಬೇಕು. ಅಕ್ಸ್‌ಬ್ರಿಡ್ಜಿನ ಆಫೀಸಿನಲ್ಲಿ ದಿನವಿಡೀ ಮಾಡುವುದೂ ಇದನ್ನೇ. ಆದರೆ ಇಲ್ಲಿ ಸತ್ತವರು ಫೋನ್ ಮಾಡಿ ದೂರುವುದಿಲ್ಲ. ಗುಂಪಿನ ಮೇಲ್ವಿಚಾರಕಿ ಪಾಲೀನ್ ಎಂಬ ಹೆಂಗಸು, ಹಿಂದೆ ಒಬ್ಬ ಡಾಕ್ಟರನ ಹತ್ತಿರ ರಿಸೆಪ್ಷನಿಸ್ಟ್ ಆಗಿದ್ದವಳು. ಅವಳದು ಒಂದೇ ನಿಯಮ: ಇದ್ದದ್ದು ಇದ್ದಂತೆ. ತಪ್ಪಿದ್ದರೂ ತಿದ್ದಬಾರದು.

ನನ್ನ ಪಾಲಿಗೆ ಬಂದದ್ದು 1871ರ ಸಿಡುಬಿನ ಲಸಿಕೆಯ ರಿಜಿಸ್ಟರು. ಪೂರ್ವ ಲಂಡನ್ನಿನ ಬಡವರ ಕೇರಿ. ಸರ್ಕಾರ ನೇಮಿಸಿದ ವೈದ್ಯನೊಬ್ಬ ಪ್ರತಿ ಮಂಗಳವಾರ ಒಂದು ಪ್ರಾರ್ಥನಾಮಂದಿರದ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದ. ಆಗ ಬಾಟಲಿ ಇರಲಿಲ್ಲ, ಐಸ್ ಪೆಟ್ಟಿಗೆ ಇರಲಿಲ್ಲ. ಔಷಧ ಮಕ್ಕಳ ತೋಳಿನಲ್ಲೇ ಬೆಳೆಯುತ್ತಿತ್ತು. ಈ ಮಂಗಳವಾರ ಗೀರಿದ ತೋಳಿನಲ್ಲಿ ಮುಂದಿನ ಮಂಗಳವಾರಕ್ಕೆ ಗುಳ್ಳೆ ಏಳುತ್ತದೆ. ಎರಡೂ ಮಂಗಳವಾರ ಹಿಡಿದು ಎಣಿಸಿ ಅದನ್ನು ಎಂಟನೆಯ ದಿನ ಎನ್ನುತ್ತಿದ್ದರು. ಆ ದಿನ ತಾಯಿ ಮಗುವನ್ನು ಮರಳಿ ತರಬೇಕು. ವೈದ್ಯ ಗುಳ್ಳೆ ನೋಡಿ 'ಯಶಸ್ವಿ' ಎಂದು ಬರೆದು, ಅದನ್ನೇ ಚುಚ್ಚಿ, ಒಸರಿದ ನೀರನ್ನು ಬೆಂಚಿನ ಮೇಲೆ ಕಾಯುತ್ತಿರುವ ಹೊಸ ಮಕ್ಕಳ ತೋಳಿಗೆ ಹಚ್ಚುತ್ತಿದ್ದ. ಉಳ್ಳವರ ಮನೆಗೆ ವೈದ್ಯನೇ ಹೋಗುತ್ತಿದ್ದ. ಅವರ ಮಕ್ಕಳ ಗುಳ್ಳೆಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಬಡ ತಾಯಂದಿರು ತೋಳು ಕೊಡಲು ಒಲ್ಲೆವೆಂದರೆ ಕೋರ್ಟಿನ ಬೆದರಿಕೆ.

ರಿಜಿಸ್ಟರಿನಲ್ಲಿ ಒಂದು ಕಾಲಮ್ಮಿದೆ: ಯಾವ ನಂಬರಿನ ಮಗುವಿನಿಂದ ತೆಗೆದದ್ದು. ಹಾಗಾಗಿ ಬೆರಳಿಟ್ಟು ಹಿಂದೆ ಹಿಂದೆ ಹೋಗಬಹುದು, ಒಂದು ತೋಳಿನಿಂದ ಇನ್ನೊಂದಕ್ಕೆ.

ಹ್ಯಾನಾ ಪ್ರೌಟ್, ನಾಲ್ಕು ತಿಂಗಳು. ನಂಬರ್ 212. ಮಾರ್ಚ್ 7ರಂದು ಗೀರಿದ್ದು. ಮಾರ್ಚ್ 14ಕ್ಕೆ 'ಯಶಸ್ವಿ'. ಅಂದೇ ಅವಳ ತೋಳಿನಿಂದ ಐದು ಮಕ್ಕಳಿಗೆ. ಹೋದ ವಾರ ಗುಂಪಿನ ಬೇರೊಬ್ಬರು ಅದೇ ಕೇರಿಯ ಸ್ಮಶಾನದ ಪುಸ್ತಕವನ್ನು ಟೈಪ್ ಮಾಡಿ ಮುಗಿಸಿದರು. ಹ್ಯಾನಾಳನ್ನು ಹೂಳಿದ್ದು ಮಾರ್ಚ್ 12ರ ಭಾನುವಾರ.

ಆಮೇಲೆ ಪುಟಗಳನ್ನು ಮತ್ತೆ ನೋಡಿದೆ. ಎಂಟನೆಯ ದಿನದ ಕಾಲಮ್ಮು ಪೂರ್ತಿ ಒಂದೇ ಮಸಿ, ಒಂದೇ ಓಟ. ಮಕ್ಕಳು ಬರುವ ಮೊದಲೇ ಬರೆದಿಟ್ಟದ್ದು. ಆ ಐದು ಮಕ್ಕಳ ತೋಳಿಗೆ ಆತ ಹಚ್ಚಿದ್ದೇನು? ನನ್ನ ಮಗಳು ಸ್ಮೃತಿ ಭುಜ ಹಾರಿಸಿ, "ಡ್ಯಾಡ್, ಹಿ ಫೇಕ್ಡ್ ಇಟ್. ಗೆಟ್ ಓವರ್ ಇಟ್" ಎಂದಳು. ನನಗೆ ಆಗುತ್ತಿಲ್ಲ. ಟ್ಯೂಬ್ ರೈಲಿನಲ್ಲಿ ನಮ್ಮ ವಯಸ್ಸಿನ ಗುಜರಾತಿಗಳು ಅರ್ಧ ತೋಳಿನ ಅಂಗಿ ಹಾಕಿ ಕಂಬಿ ಹಿಡಿದು ನಿಂತಿರುತ್ತಾರೆ. ಎಲ್ಲರ ತೋಳಿನಲ್ಲೂ ಲಸಿಕೆಯ ಆ ದುಂಡನೆಯ ಕಲೆ. ನನಗೂ ಇದೆ, ನಿನಗೂ ಇದೆ. ಸ್ಮೃತಿಯ ತೋಳು ಮಾತ್ರ ನುಣುಪು.

ಅದೇ ಕಸುಬಿನವಳಾಗಿ ಹೇಳು: ಹೀಗೆ ಮುಂಚೆಯೇ ಬರೆಯಲು ಮನುಷ್ಯನಿಗೆ ಹೇಗೆ ಮನಸ್ಸು ಬರುತ್ತದೆ?

ಅಮರ

—

ಇಂಡಿ
29 ಸೆಪ್ಟೆಂಬರ್ 2025

ಅಮರನಿಗೆ,

ಕಾಗದ ತಲುಪಿತು. ಇಲ್ಲಿ ಮೂರು ದಿನದಿಂದ ಮೋಡ ಮುಚ್ಚಿದೆ. ಮೊಣಕಾಲು ಹಾಗೇ ಇದೆ. ತೈಲ ಹಚ್ಚುತ್ತೇನೆ.

ನಿನ್ನ ಡಾಕ್ಟರನ ವಿಷಯ ಓದಿದೆ. ಕೆಲಸದಲ್ಲಿ ಇದ್ದವರಿಗೆ ಅವಸರವಿರುತ್ತದೆ. ಮೇಲಿನವರು ಲೆಕ್ಕ ಕೇಳುತ್ತಾರೆ, ಮಗುವನ್ನು ಕೇಳುವುದಿಲ್ಲ. ಹೊರಗೆ ನಿಂತು ನೋಡುವವರಿಗೆ ಇದು ತಿಳಿಯುವುದಿಲ್ಲ. ಇಷ್ಟಕ್ಕೂ ನೂರೈವತ್ತು ವರ್ಷದ ಹಿಂದಿನದನ್ನು ಕೆದಕಿ ಏನು ಮಾಡುತ್ತೀ? ಕಣ್ಣು ಹಾಳು.

ಒಂದು ಮಾತು ತಿಳಿಸು. ಆ ಮಗುವಿನ ತಾಯಿ ಏನಂದಳು? ಅದನ್ನು ಎಲ್ಲಾದರೂ ಬರೆದಿದ್ದಾರೆಯೆ?

ಭಾನುವಾರ ಫೋನಿನಲ್ಲಿ ಇದನ್ನೆಲ್ಲ ಎತ್ತಬೇಡ. ಸೊಸೆ ಪಕ್ಕದಲ್ಲೇ ಇರುತ್ತಾಳೆ.

ಗುರುದೇವಿ

—

ಕಿಂಗ್ಸ್‌ಬರಿ
14 ಅಕ್ಟೋಬರ್ 2025

ಅಕ್ಕಾ,

ನಿನಗೂ ಇದು ಹಿಡಿಸಿತೆಂದು ಖುಷಿಯಾಯಿತು. ಪ್ರಶ್ನೆ ಕೇಳಿದ್ದೀಯಲ್ಲ, ಅಷ್ಟು ಸಾಕು.

ತಾಯಿಗೆ ಕಾಲಮ್ಮಿಲ್ಲ. ಮಗುವಿನ ಹೆಸರು, ವಯಸ್ಸು, ತಂದೆಯ ಹೆಸರು, ಮನೆ. ತಂದೆ ವಿಲಿಯಂ, ಹಡಗುಕಟ್ಟೆಯ ಕೂಲಿ. ಸ್ಮಶಾನದ ಪುಸ್ತಕದಲ್ಲೂ 'ವಿಲಿಯಂನ ಮಗಳು'. ಮಗುವನ್ನು ಎತ್ತಿಕೊಂಡು ಹೋದವಳು ಅವಳು, ಸಾಲಿನಲ್ಲಿ ಕೂತವಳು ಅವಳು, ಬರೆಯುವವನಿಗೆ ಮಾತ್ರ ಕಾಣಲಿಲ್ಲ. ಪಾಲೀನಳನ್ನು ಕೇಳಿದೆ: ಈ ಸಾಲಿನ ಮುಂದೆ ಏನಾದರೂ ಟಿಪ್ಪಣಿ ಹಾಕೋಣವೆ? ಅವಳು ಕನ್ನಡಕ ಮೇಲೆತ್ತಿ, "ಅಮರ್, ಡಿಯರ್, ಒಬ್ಬ ಸುಳ್ಳು ಬರೆದ. ಅದು ಸುಳ್ಳೆಂದು ನೀನು ಬರೆದರೆ ನಾಳೆ ನಿನ್ನದನ್ನು ಯಾರು ಪರೀಕ್ಷಿಸುವುದು?" ಎಂದಳು. 'ಯಶಸ್ವಿ' ಎಂದು ಟೈಪ್ ಮಾಡಿ ಮುಂದಿನ ಸಾಲಿಗೆ ಹೋದೆ.

ಆದರೆ ಒಂದು ಊಹೆ ಬಿಡುತ್ತಿಲ್ಲ. ಹದಿನಾಲ್ಕನೆಯ ತಾರೀಖು ಆ ತಾಯಿ ಬಂದಿರಬಹುದು ಎನ್ನಿಸುತ್ತದೆ. ಬಾರದಿದ್ದರೆ ದಂಡವೆಂದು ಹೆದರಿಸಿದ್ದರಲ್ಲ. ಹಾಗಾಗಿ ಬಂದು, ಬರಿಗೈಯಲ್ಲಿ ಬೆಂಚಿನ ಮೇಲೆ ಕೂತು, ತನ್ನ ಸರದಿ ಬಂದಾಗ ಎದ್ದು ನಿಂತಳು. ವೈದ್ಯ ತಲೆಯೆತ್ತಲಿಲ್ಲ. ಅವನ ಪುಸ್ತಕದಲ್ಲಿ ಆಗಲೇ ಎಲ್ಲ ಬರೆದಾಗಿತ್ತು. ಆಫೀಸಿಗೆ ಹೋಗುವಾಗ ವೆಂಬ್ಲಿ ಪಾರ್ಕಿನಲ್ಲಿ ಇಳಿದು ಇನ್ನೊಂದು ಗಾಡಿಗೆ ಕಾಯುತ್ತೇನಲ್ಲ, ಅಲ್ಲಿಯ ಬೆಂಚಿನ ತುದಿಯಲ್ಲಿ ಒಂದು ಜಾಗ ಖಾಲಿ ಬಿಟ್ಟು ಕೂರುವುದು ರೂಢಿಯಾಗಿದೆ. ವೈದೇಹಿಗೆ ಹೇಳಿಲ್ಲ.

ಇದೆಲ್ಲ ಓದುವಾಗ ನಿನ್ನ ರಿಜಿಸ್ಟರುಗಳೇ ಕಣ್ಣಿಗೆ ಬರುತ್ತವೆ. ಕಂದು ಕಾಗದದ ಹೊದಿಕೆ, ಮೂಲೆಗೆ ಅಂಟು. ಒಂದು ಚಿತ್ತು ಇರಲಿಲ್ಲ. ಬುಧವಾರ ಲಸಿಕೆಯ ದಿನವೆಂದು ಯಾರ ಮದುವೆಗೂ ಹೋಗುತ್ತಿರಲಿಲ್ಲ ನೀನು. ಒಂದೇ ಒಂದು ಬುಧವಾರ ತಪ್ಪಿಸಿದ್ದು, ನನಗಾಗಿ. 1996, ಏಪ್ರಿಲ್ 3. ನನ್ನನ್ನು ಲಂಡನ್ನಿಗೆ ಕಳಿಸಲು ನೀನು ಸೊಲ್ಲಾಪುರದಿಂದ ರೈಲು ಹತ್ತಿ ಮುಂಬೈವರೆಗೆ ಬಂದೆ. ಏರ್‌ಪೋರ್ಟಿನ ಗಾಜಿನ ಬಾಗಿಲ ಹತ್ತಿರ "ಇವತ್ತ ಬುಧವಾರ ಅಲ್ಲೇನೋ?" ಎಂದು ನೀನು ಮೂರು ಸಲ ಕೇಳಿದೆ. ತಮ್ಮ ಹೋದ ದಿನವನ್ನು ಅಕ್ಕ ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದಾಳೆ ಎಂದು ನಾನು ಅಂದುಕೊಂಡೆ. ಇಷ್ಟು ವರ್ಷ ಅದನ್ನು ಜೋಪಾನ ಮಾಡಿದ್ದೇನೆ.

ಅಮರ

—

ಇಂಡಿ
8 ನವೆಂಬರ್ 2025

ಅಮರ,

ನಿನ್ನ ಕಾಗದ ಬಂದು ಹದಿನಾಲ್ಕು ದಿನವಾಯಿತು. ನಡುವೆ ಎರಡು ಭಾನುವಾರ ಮಾತಾಡಿದೆವು. ನೀನು ಚಳಿ ಅಂದೆ, ನಾನು ಮೊಣಕಾಲು ಅಂದೆ.

ಹೇಗೆ ಮನಸ್ಸು ಬರುತ್ತದೆ ಎಂದು ನೀನು ಮೊದಲ ಕಾಗದದಲ್ಲಿ ಕೇಳಿದ್ದೆ. ಹೇಳುತ್ತೇನೆ.

ನಾನು ಆಗ ಇದ್ದ ಹಳ್ಳಿ ನಿನಗೆ ಗೊತ್ತು. 1996ರ ಮಾರ್ಚ್ 27, ಬುಧವಾರ. ದಡಾರದ ಲಸಿಕೆಯ ಬಾಟಲಿ ಐದು ಮಕ್ಕಳಿಗೆ ಆಗುವಂಥದ್ದು. ಒಮ್ಮೆ ಒಡೆದರೆ ಉಳಿದದ್ದನ್ನು ಸಂಜೆಯೊಳಗೆ ಚೆಲ್ಲಬೇಕು. ಚೆಲ್ಲಿದ್ದಕ್ಕೆ ಮೇಲಿನವರು ಕಾರಣ ಕೇಳುತ್ತಾರೆ. ಅದಕ್ಕೆ ಐದು ಮಕ್ಕಳು ಸೇರುವವರೆಗೆ ನಾವು ಒಡೆಯುತ್ತಿರಲಿಲ್ಲ. ಅಂದು ಬಂದದ್ದು ಎರಡು. ಕಲ್ಲಯ್ಯನ ಮಗಳು ಸುವರ್ಣಾ, ಮುರಿಗೆಪ್ಪನ ಮಗ. "ಮುಂದಿನ ಬುಧವಾರ ಬರ್ರಿ" ಎಂದು ತಾಯಂದಿರನ್ನು ಕಳಿಸಿದೆ. ವರ್ಷದ ಕೊನೆಯ ವರದಿ ಅಂದೇ ಹೋಗಬೇಕಿತ್ತು. ಹೇಗಿದ್ದರೂ ಎಂಟು ದಿನದಲ್ಲಿ ಹಾಕುತ್ತೇನಲ್ಲ ಎಂದು ರಿಜಿಸ್ಟರಿನಲ್ಲಿ 'ಕೊಟ್ಟಿದೆ' ಎಂದು ಬರೆದೆ. ಅವರ ಕಾರ್ಡಿನಲ್ಲೂ ಬರೆದೆ. ಎಲ್ಲರೂ ಹಾಗೆ ಮಾಡುತ್ತಿದ್ದರು. ಇದು ಸಬೂಬಲ್ಲ, ಕೇಳಿದ್ದಕ್ಕೆ ಉತ್ತರ.

ಮುಂದಿನ ಬುಧವಾರ ನಾನು ಮುಂಬೈಯಲ್ಲಿದ್ದೆ. ಸುವರ್ಣಾಳ ತಾಯಿ ಮಗುವನ್ನು ಎತ್ತಿಕೊಂಡು ಬಂದು ಬೀಗ ನೋಡಿ ಹೋದಳಂತೆ. ತಿರುಗಿ ಬಂದ ಮೇಲೆ ಹಾಕಬಹುದಿತ್ತು. ಆದರೆ ಕೊಟ್ಟಾಗಿದೆ ಎಂದು ಬರೆದ ಮಗುವಿನ ಹೆಸರನ್ನು ಮತ್ತೆ ಎಲ್ಲಿ ಬರೆಯುವುದು? ಏನಾದರೂ ದಾರಿ ಹುಡುಕೋಣ ಎನ್ನುವುದರಲ್ಲಿ ಬುಧವಾರಗಳು ಹೋದವು. ಮೇ ತಿಂಗಳಲ್ಲಿ ಊರಿಗೆ ದಡಾರ ಬಂತು. ಸುವರ್ಣಾಳ ಎರಡೂ ಕಣ್ಣು ಹೋದವು. ಮುರಿಗೆಪ್ಪನ ಮಗನಿಗೆ ಏನೂ ಆಗಲಿಲ್ಲ.

ಕಲ್ಲಯ್ಯ ಕಾರ್ಡು ಹಿಡಿದು ನನ್ನ ಬಾಗಿಲಿಗೆ ಬಂದ. ಹಿಂದೆ ಹೆಂಡತಿ. "ಅಕ್ಕಾವರ, ಸೂಜಿ ಹಾಕೀರೋ ಇಲ್ಲೋ? ಇಕಿ ಹಾಕಿಲ್ಲ ಅಂತಾಳ. ಹೊಲಕ್ಕ ಹೋಗಿ, ಇಲ್ಲಿಗೆ ಬಂದೇ ಇಲ್ಲ ಅಂತ ನನಗ ಗುಮಾನಿ."

"ಕಾರ್ಡಿನ್ಯಾಗ ಐತೆಲ್ಲ, ನೋಡು" ಎಂದೆ. ಹಾಕಿದ್ದೇನೆ ಎಂದು ಹೇಳಲಿಲ್ಲ. ಇಪ್ಪತ್ತೊಂಬತ್ತು ವರ್ಷ ಇದೊಂದನ್ನು ಹಿಡಿದುಕೊಂಡಿದ್ದೇನೆ, ಬಾಯಿಂದ ಸುಳ್ಳು ಆಡಲಿಲ್ಲ ಎಂದು. ಅವಳು ನನ್ನನ್ನೇ ನೋಡುತ್ತಿದ್ದಳು. ಓದು ಬಾರದು. ಕಾರ್ಡಿನಲ್ಲಿ ಏನಿದೆ ಎಂದು ಗಂಡ ಹೇಳಿದ್ದೇ ಖರೆ.

ಅಂದಿನಿಂದ ಅವಳು ಊರಿಗೆ ಸುಳ್ಳುಬುರುಕಿ. ಮಗಳ ಕಣ್ಣು ಕಳೆದು ಅಕ್ಕನವರ ಮೇಲೆ ಹಾಕಲು ಹೋದವಳು. ಕಲ್ಲಯ್ಯ ಮೂರು ವರ್ಷದ ಹಿಂದೆ ಸತ್ತ, ಹಾಗೇ ನಂಬಿಕೊಂಡು. ತಾಯಿ ಮಗಳು ಈಗ ರೊಟ್ಟಿ ಬಡಿದು ಇಂಡಿಯ ಖಾನಾವಳಿಗಳಿಗೆ ಕಳಿಸುತ್ತಾರೆ. ಸಪ್ಪಳದ ಮೇಲೇ ರೊಟ್ಟಿಯ ದಪ್ಪ ತಿಳಿಯುತ್ತದಂತೆ ಸುವರ್ಣಾಗೆ. ನಮ್ಮ ಮನೆಗೂ ಅವರದೇ ರೊಟ್ಟಿ. ನೀನು ಬಂದಾಗ ತಿಂದು ಹೊಗಳಿದ್ದೆ.

ಅವರಿಗೆ ಹೇಳಬೇಕೆಂದಿದ್ದೇನೆ. ಹೇಳಲೇ ಬೇಡವೇ, ಬರೆ.

ಗುರುದೇವಿ

—

ಕಿಂಗ್ಸ್‌ಬರಿ
22 ನವೆಂಬರ್ 2025

ಅಕ್ಕಾ,

ಬೇಡ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಸಮಾಧಾನವಾಗಿ ಯೋಚಿಸಿಯೇ ಬರೆಯುತ್ತಿದ್ದೇನೆ. ಕಲ್ಲಯ್ಯ ಇಲ್ಲ. ಹೇಳಿದರೆ ಕಣ್ಣು ಬರುವುದಿಲ್ಲ. ಹಾಕಿದ್ದರೂ ಒಮ್ಮೊಮ್ಮೆ ಲಸಿಕೆ ಹಿಡಿಯುವುದಿಲ್ಲವೆಂದು ನೀನೇ ಹಿಂದೆ ಹೇಳುತ್ತಿದ್ದೆ. ಅವರು ಹೇಗೋ ಒಂದು ನೆಲೆಗೆ ಬಂದಿದ್ದಾರೆ, ಅದನ್ನು ಕದಡುವುದು ನಿನ್ನ ಸಮಾಧಾನಕ್ಕೇ ಹೊರತು ಅವರಿಗಲ್ಲ. ನಿನಗೆ ಅರವತ್ತಾರು. ಸೊಸೆಯ ಮನೆ. ಊರವರ ಬಾಯಿ.

ಹಳೆಯದನ್ನು ಇದ್ದಂತೆ ಬಿಡುವುದೂ ಒಂದು ರೀತಿಯ ಪ್ರಾಮಾಣಿಕತೆ.

ನಾಳೆ ಭಾನುವಾರ. ಎಂದಿನಂತೆ ಫೋನ್ ಮಾಡುತ್ತೇನೆ.

ಅಮರ

—

ಕಿಂಗ್ಸ್‌ಬರಿ
3 ಡಿಸೆಂಬರ್ 2025

ಅಕ್ಕಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ.

ಇವತ್ತು ರಜೆ ಹಾಕಿ ಆ ಪ್ರಾರ್ಥನಾಮಂದಿರ ಇದ್ದ ಜಾಗಕ್ಕೆ ಹೋಗಿದ್ದೆ. ಈಗ ಅಲ್ಲಿ ಕೌನ್ಸಿಲ್, ಅಂದರೆ ಇಲ್ಲಿಯ ನಗರಸಭೆ, ಕಟ್ಟಿಸಿದ ಫ್ಲ್ಯಾಟುಗಳು. ಲಿಫ್ಟು ಕೆಟ್ಟಿತ್ತು. ಮಗುವಿನ ತಳ್ಳುಗಾಡಿ ಹಿಡಿದ ಹೆಂಗಸೊಬ್ಬಳು ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ನನ್ನ ಕೈಯಲ್ಲಿದ್ದ ಫೈಲು ನೋಡಿ, "ಕೌನ್ಸಿಲ್ಲಿನಿಂದಲೇ? ಬರೆದುಕೊಂಡು ಹೋಗುತ್ತೀರಿ, ಮತ್ತೆ ಬರುವುದೇ ಇಲ್ಲ" ಎಂದಳು. ನಾನಲ್ಲ ಎಂದೆ. "ಯಾರೂ ಅಲ್ಲ ಬಿಡಿ" ಎಂದಳು. ಇಬ್ಬರೂ ಸೇರಿ ಗಾಡಿಯನ್ನು ಮೂರನೆಯ ಮಹಡಿಗೆ ಎತ್ತಿದೆವು. ಮಗು ನನ್ನ ತೋಳನ್ನೇ ನೋಡುತ್ತಿತ್ತು. ನಾನು ಕೋಟು ತೊಟ್ಟಿದ್ದೆ.

ಕೆಳಗಿಳಿದು ಗೋಡೆಯ ಮೇಲೆ ಕೂತಾಗ ನನ್ನ ಹಿಂದಿನ ಕಾಗದ ನೆನಪಾಯಿತು. ಎಷ್ಟು ನುಣ್ಣಗೆ ಬರೆದಿದ್ದೆ. ಅದರಲ್ಲಿ ಒಂದು ಮಾತು ಬಿಟ್ಟಿದ್ದೆ: ಆ ಎಂಟನೆಯ ದಿನ ನನ್ನದು. ಸುವರ್ಣಾಳ ತಾಯಿ ಬೀಗದ ಮುಂದೆ ನಿಂತಿದ್ದ ಹೊತ್ತಿಗೆ ನಿನ್ನ ಕೈ ನನ್ನ ತಲೆಯ ಮೇಲಿತ್ತು. ಈ ಊರು, ಈ ಮನೆ, ಸ್ಮೃತಿಯ ನುಣುಪು ತೋಳು, ಎಲ್ಲ ಆ ಬುಧವಾರದಿಂದ ತೆಗೆದದ್ದು. ನೀನು ಹೇಳಿದರೆ ನಾನೂ ಆ ಪುಸ್ತಕದೊಳಗೆ ಬರುತ್ತೇನೆ. ಅದಕ್ಕೇ ಬೇಡ ಎಂದೆ. ಅವರ ನೆಲೆಯ ಬಗ್ಗೆ ನನಗೇನು ಗೊತ್ತು?

ಹಿಂದಿನ ಕಾಗದವನ್ನು ಹರಿದುಹಾಕು. ಹೋಗಿ ಹೇಳು. ನಾನೂ ಬರಬೇಕೆಂದರೆ ಬರುತ್ತೇನೆ.

ಅಮರ

—

ಇಂಡಿ
4 ಡಿಸೆಂಬರ್ 2025

ಅಮರನಿಗೆ,

ಬೇಡ ಎಂದು ಬರೆದ ನಿನ್ನ ಕಾಗದ ನಿನ್ನೆ ಸಂಜೆ ಕೈಗೆ ಬಂತು. ತಡವಾಯಿತು. ನಾನು ಹೋಗಿ ಬಂದಿದ್ದೆ.

ಮೊದಲು ಹೋದದ್ದು ನವೆಂಬರ್ 26, ಬುಧವಾರ. ತಾಯಿ ಹಂಚಿನ ಮುಂದೆ, ಮಗಳು ಹಿಟ್ಟಿನ ಮುಂದೆ. "ಬರ್ರಿ ಅಕ್ಕಾವರ, ರೊಟ್ಟಿ ಕಡಿಮಿ ಬಂದಾವೇನು?" ಎಂದು ಸುವರ್ಣಾ ಕೇಳಿದಳು. ಹೆಜ್ಜೆಯಲ್ಲೇ ಗುರುತು ಹಿಡಿಯುತ್ತಾಳೆ. ನಿಂತುಕೊಂಡೇ ಎಲ್ಲ ಹೇಳಿದೆ. ಮುಂಬೈಯನ್ನೂ ಹೇಳಿದೆ, ನಿನ್ನ ಹೆಸರನ್ನೂ.

ತಾಯಿ ಹಂಚಿನ ಮೇಲಿದ್ದ ರೊಟ್ಟಿ ತಿರುವಿಹಾಕಿದಳು. "ನನಗೇನ ಹೊಸಾದು ಹೇಳಾಕ ಬಂದೀರಿ? ನಾ ಅಲ್ಲೇ ಇದ್ನೆಲ್ಲ."

ಸುವರ್ಣಾ ಬಡಿಯುವುದನ್ನು ನಿಲ್ಲಿಸಿದ್ದಳು. ಮುಖ ನನ್ನ ಕಡೆಗಿರಲಿಲ್ಲ, ತಾಯಿಯ ಕಡೆಗಿತ್ತು. "ಯವ್ವಾ, ಹಂಗಾರ ನೀ ಹೇಳ್ತಿದ್ದದ್ದು ಖರೇನ ಇತ್ತು?"

ಅಮರ, ಮಗಳೂ ನಂಬಿರಲಿಲ್ಲ. ಇದು ನನಗೆ ತೋಚಿಯೇ ಇರಲಿಲ್ಲ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು. ರೊಟ್ಟಿ ಸೀದು ಹೊಗೆ ಬಂತು. ಯಾರೂ ತೆಗೆಯಲಿಲ್ಲ.

ಕಾಲು ಹಿಡಿಯಲು ಬಾಗಿದೆ, ಮೊಣಕಾಲು ಮಡಚಲಿಲ್ಲ. "ಇರ್ಲಿ, ಬೀಳ್ತೀರಿ. ಈಗ ನಿಮ್ಮನ್ನ ಎಬ್ಬಸಾಕ ನನಗ ಪುರುಸೊತ್ತಿಲ್ಲ" ಎಂದಳು ತಾಯಿ. ಆಮೇಲೆ ಎದ್ದು ಕೈ ಒರೆಸಿಕೊಂಡು, ನಾನು ಅಂದು ಹೇಳಿದ್ದ ಮಾತನ್ನೇ ಹೇಳಿದಳು. "ಮುಂದಿನ ಬುಧವಾರ ಬರ್ರಿ."

ಆ ಎಂಟು ದಿನ ನನಗೆ ಅನ್ನ ಸೇರಲಿಲ್ಲ. ನಿನ್ನೆ ಹೋದೆ. ಅಂಗಳದಲ್ಲಿ ಜನ ಕೂತಿದ್ದರು. ಕಲ್ಲಯ್ಯನ ಇಬ್ಬರು ತಮ್ಮಂದಿರು, ಅವರ ಹೆಂಡಿರು, ಓಣಿಯ ಹೆಂಗಸರು, ಮುರಿಗೆಪ್ಪ. ಬೆಂಚಿನ ಮೇಲೆ ನನಗೆ ಜಾಗ ಬಿಟ್ಟಿದ್ದರು. ಕೂರಲಿಲ್ಲ. ಮೊದಲಿನಿಂದ ಹೇಳಿದೆ. ಮುರಿಗೆಪ್ಪ ನಡುವೆಯೇ ಎದ್ದು, "ನಮ್ಮ ಹುಡುಗಗೂ ಹಾಕಿಲ್ಲ ಅಂದಂಗಾತು! ಅಂವಾ ಪುಣೆದಾಗ ಲಾರಿ ಹೊಡೀತಾನ. ಈಗ ಫೋನ್ ಹಚ್ಚಿ, ತಮ್ಮಾ ಸೂಜಿ ಹಾಕಿಸ್ಕೋ ಅನ್ನಲೇನು?" ಎಂದ. ಒಬ್ಬಿಬ್ಬರು ನಕ್ಕರು. ಮೈದುನಂದಿರು ನೆಲ ನೋಡುತ್ತಿದ್ದರು. ಹಿರಿಯವನು "ಆಗಿದ್ದು ಆತು ಬಿಡ್ರಿ" ಎಂದದ್ದಕ್ಕೆ ತಾಯಿ, "ನಿನಗ ಆತು" ಎಂದಳು.

ಒಳಗಿಂದ ತಗಡಿನ ಡಬ್ಬಿ ತಂದಳು. ಅದರಲ್ಲಿ ಕಾರ್ಡು, ಅಂಚು ಹುಳ ತಿಂದದ್ದು. ಓದಲು ಬಾರದವಳು ಅದನ್ನು ಇಟ್ಟುಕೊಂಡಿದ್ದಳು. ನನ್ನ ಅಕ್ಷರ, ಒಂದು ಚಿತ್ತಿಲ್ಲ. "ಬರೀರಿ" ಎಂದಳು. 'ಕೊಟ್ಟಿದೆ' ಎಂಬುದನ್ನು ಹೊಡೆದು ಪಕ್ಕದಲ್ಲಿ 'ಕೊಟ್ಟಿಲ್ಲ' ಎಂದು ಬರೆದೆ. ತಾರೀಖು, ಸಹಿ. ಕೈ ಎಷ್ಟು ಒತ್ತಿತ್ತೆಂದರೆ ಸುವರ್ಣಾ ಕಾರ್ಡು ತಿರುಗಿಸಿ ಹಿಂದಿನಿಂದ ಬೆರಳಾಡಿಸಿ ಅದೆಲ್ಲಿದೆ ಎಂದು ತಾನೇ ಕಂಡುಕೊಂಡಳು.

ಮೇಲೆ ಮಗುವಿನ ಹೆಸರು, ತಂದೆಯ ಹೆಸರು. "ನಂದೂ ಬರೀರಿ" ಎಂದಳು ತಾಯಿ. ಜಾಗವಿರಲಿಲ್ಲ, ಅಂಚಿನಲ್ಲಿ ಬರೆದೆ. ಶಿವಗಂಗವ್ವ. ಆ ಊರಿನಲ್ಲಿ ಏಳು ವರ್ಷ ಇದ್ದೆ. ಕಲ್ಲಯ್ಯನ ಹೆಂಡತಿ ಎಂದೇ ಕರೆದಿದ್ದೆ.

ಕ್ಷಮಿಸಿದರೋ ಎಂದು ಕೇಳಬೇಡ. ನಾನೂ ಕೇಳಲಿಲ್ಲ. ಹೊರಡುವಾಗ ಸುವರ್ಣಾ ಬಾಗಿಲವರೆಗೆ ಬಂದು, "ಅಕ್ಕಾವರ, ನಾಳಿಂದ ನಿಮ್ಮ ಮನಿಗೆ ರೊಟ್ಟಿ ಕಳಿಸೂದಿಲ್ಲ" ಎಂದಳು. ಆಗಲಿ ಎಂದೆ.

ಇವತ್ತು ರೊಟ್ಟಿ ಬರಲಿಲ್ಲ. ಯಾಕೆಂದು ಸೊಸೆ ಕೇಳಿದಳು. ಭಾನುವಾರ ಹೇಳುತ್ತೇನೆ ಎಂದಿದ್ದೇನೆ, ಎಲ್ಲರೂ ಇರುವಾಗ. ಸ್ಮೃತಿಯನ್ನೂ ಕೂರಿಸಿಕೋ. ನೀನು ಪಕ್ಕಕ್ಕೆ ಸರಿಯಬೇಡ, ಫೋನಿನ ಮುಂದೆಯೇ ಇರು.

ಗುರುದೇವಿ